ಮಾಸಿದ ಕೋವಿಗೆ ಮನೆಯಲ್ಲೇ ಕೋಲ್ಡ್ ಬ್ಲೂಯಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಲೈಸೆನ್ಸ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಳೆಯ 12 ಬೋರ್ ಕೋವಿ. ಒಂಟಿ ನಳಿಗೆ ಇಲ್ಲವೇ ಜೋಡು ನಳಿಗೆ. ವರ್ಷಕ್ಕೊಮ್ಮೆ ಪೂಜೆಗೆ ಹೊರಗೆ ಬರುತ್ತದೆ, ಚುನಾವಣೆ ಬಂದರೆ ಠಾಣೆಗೆ ಹೋಗುತ್ತದೆ. ಉಳಿದ ದಿನ ಬೀರುವಿನಲ್ಲಿ. ಹೀಗಿದ್ದರೂ ಕೈ ಹಿಡಿಯುವ ಜಾಗದಲ್ಲಿ ಕಪ್ಪು ಬಣ್ಣ ಹೋಗಿ ಬಿಳಿ ಕಬ್ಬಿಣ ಕಾಣುತ್ತಿರುತ್ತದೆ. ಅದನ್ನು ಮನೆಯಲ್ಲೇ ಸರಿಮಾಡಬಹುದಾ ಎಂದು ಕೇಳುವವರಿಗೆ ಈ ಉತ್ತರಗಳು.

ಕೋಲ್ಡ್ ಬ್ಲೂಯಿಂಗ್ ಅಂದರೆ ಏನು? ಇದು ಪೇಂಟಾ?

ಪೇಂಟ್ ಅಲ್ಲ. ಬಾಟಲಿಯಲ್ಲಿ ಬರುವ ಒಂದು ಆಮ್ಲದ ದ್ರಾವಣ. ಅದರಲ್ಲಿ ಮುಖ್ಯವಾಗಿ ಸೆಲೆನಿಯಸ್ ಆಮ್ಲ ಮತ್ತು ತಾಮ್ರದ ಲವಣ ಇರುತ್ತವೆ. ಶುದ್ಧ ಉಕ್ಕಿನ ಮೇಲೆ ಹಚ್ಚಿದ ತಕ್ಷಣ ಮೇಲ್ಮೈಯ ಕಬ್ಬಿಣ ಸ್ವಲ್ಪ ಕರಗುತ್ತದೆ. ಆ ಜಾಗದಲ್ಲಿ ತಾಮ್ರ ಮತ್ತು ಸೆಲೆನಿಯಂ ಸೇರಿದ ಕಪ್ಪು ಪದರ ಕೂರುತ್ತದೆ. ಬಿಸಿ ಮಾಡುವ ತೊಟ್ಟಿ ಬೇಡ, ಒಲೆ ಬೇಡ. ಕೋಣೆಯ ಉಷ್ಣತೆಯಲ್ಲೇ ಕೆಲಸ ಆಗುತ್ತದೆ. ಅದಕ್ಕೇ ಕೋಲ್ಡ್.

ಫ್ಯಾಕ್ಟರಿ ಬಣ್ಣದಷ್ಟು ಗಟ್ಟಿ ಇರುತ್ತದೆಯೇ?

ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬೇಸರಪಡುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಕಾರ್ಖಾನೆಯಲ್ಲಿ ಮಾಡುವ ಬಿಸಿ ಬ್ಲೂಯಿಂಗ್‌ನಲ್ಲಿ ಉಕ್ಕಿನ ಮೇಲ್ಮೈಯೇ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾಗುತ್ತದೆ. ಕೋಲ್ಡ್ ಬ್ಲೂಯಿಂಗ್‌ನಲ್ಲಿ ಕೂರುವುದು ಬೇರೆ ವಸ್ತುವಿನ ತೀರಾ ತೆಳುವಾದ ಪದರ. ಕೈ ಉಜ್ಜಿದರೆ, ಚೀಲದಿಂದ ಪದೇ ಪದೇ ತೆಗೆದು ಹಾಕಿದರೆ ಸವೆಯುತ್ತದೆ. ತುಕ್ಕನ್ನೂ ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ಅದರ ಮೇಲಿನ ಎಣ್ಣೆ.

ಹಾಗಾಗಿ ನನ್ನ ಮಟ್ಟಿಗೆ ಇದು ತೇಪೆ ಕೆಲಸಕ್ಕೆ ಮಾತ್ರ. ಟ್ರಿಗರ್ ಗಾರ್ಡ್ ಬಿಳಿಚಿದೆ, ನಳಿಗೆಯ ತುದಿ ಸವೆದಿದೆ, ಒಂದು ಗೀರು ಬಿದ್ದಿದೆ ಅಂದರೆ ಸರಿ. ಇಡೀ ಕೋವಿಯನ್ನು ಹೊಸದರಂತೆ ಮಾಡುತ್ತೇನೆ ಎಂದು ಹೊರಟರೆ ದುಡ್ಡೂ ಹೋಗುತ್ತದೆ, ಇದ್ದ ಬಣ್ಣವೂ ಹೋಗುತ್ತದೆ.

ಹಾಗಾದರೆ ಬಿಸಿ ಬ್ಲೂಯಿಂಗ್ ಅನ್ನೇ ಮನೆಯಲ್ಲಿ ಮಾಡಬಹುದಲ್ವಾ?

ದಯವಿಟ್ಟು ಬೇಡ. ಅದರಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಗಟ್ಟಿ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕುದಿಸಬೇಕು. ಒಂದು ಹನಿ ತಣ್ಣೀರು ಬಿದ್ದರೂ ಸಿಡಿಯುತ್ತದೆ. ಮುಖ, ಕಣ್ಣು ಉಳಿಯುವುದು ಕಷ್ಟ.

ಇನ್ನೊಂದು ಕಾರಣ ಜೋಡು ನಳಿಗೆಯವರಿಗೆ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಸಾಮಾನ್ಯವಾಗಿ ಸೀಸ, ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕಾಸ್ಟಿಕ್ ಆ ಬೆಸುಗೆಯನ್ನೇ ತಿನ್ನುತ್ತದೆ. ನಳಿಗೆ ಬಿಟ್ಟುಕೊಂಡರೆ ಕೋವಿಯ ಕಥೆ ಮುಗಿಯಿತು. ಹಳೆಯ ಕುಶಲಕರ್ಮಿಗಳು ಜೋಡು ನಳಿಗೆಗೆ ಬಳಸುತ್ತಿದ್ದದ್ದು ಬೇರೆ ವಿಧಾನ. ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಲ್ಲಿ ಕುದಿಸುವುದು. ಕೆಂಪು ತುಕ್ಕು ಕಪ್ಪಾಗುತ್ತದೆ. ಅದನ್ನು ಉಜ್ಜಿ ಮತ್ತೆ ತುಕ್ಕು ಹಿಡಿಸಿ, ಮತ್ತೆ ಕುದಿಸುವುದು. ಹೀಗೆ ದಿನಗಟ್ಟಲೆ. ಫಲ ಬಹಳ ಚೆನ್ನಾಗಿರುತ್ತದೆ, ಆದರೆ ಅದು ಕೈ ಪಳಗಿದವರ ಕೆಲಸ.

ಕಾನೂನಿನ ತೊಡಕು ಇದೆಯೇ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಕೆ, ಮಾರಾಟ, ಮಾರ್ಪಾಡು, ರಿಪೇರಿ ಇವಕ್ಕೆಲ್ಲ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್, ರಿಪೇರಿ ಲೈಸೆನ್ಸ್ ಅಲ್ಲ. ನಿಮ್ಮದೇ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಮಾಸಿದ ಕಡೆ ಬಣ್ಣ ತಾಗಿಸುವುದು ನಿರ್ವಹಣೆಯ ಮಟ್ಟದ್ದು. ಆದರೆ ಕುದುರೆ ಸಡಿಲವಾಗಿದೆ, ಸ್ಪ್ರಿಂಗ್ ಬದಲಿಸಬೇಕು, ನಳಿಗೆ ತಗ್ಗಾಗಿದೆ ಎಂದರೆ ಲೈಸೆನ್ಸ್ ಇರುವ ಕೋವಿ ಅಂಗಡಿಯವರ ಹತ್ತಿರವೇ ಹೋಗಬೇಕು. ಸಂಶಯ ಇದ್ದರೆ ಬಣ್ಣದ ಕೆಲಸವನ್ನೂ ಅವರಿಗೇ ಕೊಡಿ.

ಎರಡು ವಿಷಯ ಜನ ಮರೆಯುತ್ತಾರೆ. ಒಂದು, ಪಕ್ಕದ ಮನೆಯವರ ಕೋವಿಯನ್ನು ದುಡ್ಡು ತಗೊಂಡು ಮಾಡಿಕೊಡಬಾರದು. ಇನ್ನೊಂದು, ನಿಮ್ಮ ಕೋವಿಯನ್ನು ಪಾಲಿಶ್ ಮಾಡುವ ಗ್ಯಾರೇಜಿನವರಿಗೋ ಲೇತ್ ವರ್ಕ್‌ಶಾಪಿಗೋ ಬಿಟ್ಟು ಬರಬಾರದು. ಲೈಸೆನ್ಸ್ ಇಲ್ಲದವರ ಕೈಗೆ ಕೋವಿ ಕೊಟ್ಟರೆ ಅದೇ ಒಂದು ಕೇಸು.

ಅಜ್ಜನ ಕೋವಿ ಅಟ್ಟದ ಮೇಲೆ ಸಿಕ್ಕಿತು. ಮೊದಲು ಬಣ್ಣ ಮಾಡಿಸಲಾ?

ಮೊದಲು ಲೈಸೆನ್ಸ್ ವಿಚಾರ. ಅಜ್ಜನ ಲೈಸೆನ್ಸ್ ಅಜ್ಜನ ಜೊತೆಗೇ ಹೋಯಿತು. ನಿಮ್ಮ ಹೆಸರಲ್ಲಿ ಲೈಸೆನ್ಸ್ ಆಗುವವರೆಗೆ ಕೋವಿಯನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಡಬೇಕು. ಬಣ್ಣ ಆಮೇಲೆ.

ನಂಬರ್ ಮೇಲೆ ಉಜ್ಜಬಹುದೇ?

ಮುಟ್ಟಲೇಬೇಡಿ. ಸೀರಿಯಲ್ ನಂಬರ್, ತಯಾರಕರ ಹೆಸರು ಇವನ್ನು ಅಳಿಸುವುದು, ತಿದ್ದುವುದು 8ನೇ ಸೆಕ್ಷನ್ ಪ್ರಕಾರ ಅಪರಾಧ. ನೀವು ಬೇಕೆಂದು ಮಾಡಿಲ್ಲ, ಪಾಲಿಶ್ ಮಾಡುವಾಗ ಸವೆಯಿತು ಅಂದರೆ ಲೈಸೆನ್ಸ್ ನವೀಕರಣದ ದಿನ ಕೋವಿ ನೋಡುವ ಅಧಿಕಾರಿ ನಂಬಬೇಕಲ್ಲ? ನಂಬರ್ ಇರುವ ಜಾಗಕ್ಕೂ ನಳಿಗೆ ಪರೀಕ್ಷೆಯ ಮುದ್ರೆಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ ಕೆಲಸ ಶುರು ಮಾಡಿ. ಅಲ್ಲಿ ಬಣ್ಣ ಹೋಗಿದ್ದರೆ ಉಜ್ಜದೆ, ಎಣ್ಣೆ ಜಿಡ್ಡು ತೆಗೆದು ದ್ರಾವಣ ಮಾತ್ರ ತಾಗಿಸಿ.

ಯಾವ ಕೋವಿಗೆ ಇದನ್ನು ಮಾಡಲೇಬಾರದು?

ನಳಿಗೆಯ ಮೇಲೆ ಅಲೆ ಅಲೆಯ ಗೆರೆಗಳು ಕಾಣುತ್ತಿವೆಯಾ? ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದದ್ದು. ಅದರ ಸಹಜ ಬಣ್ಣ ಕಂದು. ಕಪ್ಪು ಬಳಿದರೆ ಆ ವಿನ್ಯಾಸವೇ ಮುಚ್ಚಿಹೋಗುತ್ತದೆ. ಅಂಥ ಕೋವಿಯಲ್ಲಿ ಈಗಿನ ತೋಟೆ ಹಾಕಿ ಹೊಡೆಯುವುದೂ ಅಪಾಯ.

ಕೆಲವು ಹಳೆಯ ಇಂಗ್ಲಿಷ್ ಕೋವಿಗಳಲ್ಲಿ, ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್ ಮುಂತಾದವರದ್ದು, ಕುದುರೆ ಕೂರುವ ಉಕ್ಕಿನ ಭಾಗದಲ್ಲಿ ನೀಲಿ, ಕಂದು, ಬೂದು ಬಣ್ಣಗಳು ಮೋಡದ ಹಾಗೆ ಕಲೆತಿರುತ್ತವೆ. ಅದು ಉಕ್ಕಿನ ಮೇಲ್ಮೈಯನ್ನು ಗಟ್ಟಿ ಮಾಡುವಾಗ ಬಂದ ಬಣ್ಣ. ಅದರ ಮೇಲೆ ಕೋಲ್ಡ್ ಬ್ಲೂ ಹಚ್ಚಿದರೆ ವಾಪಸ್ ಬರುವುದಿಲ್ಲ. ಇಂಥ ಕೋವಿ ಕೊಳ್ಳುವವರು ಮಾಸಿದ ಅಸಲಿ ಬಣ್ಣಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ, ಹೊಸದಾಗಿ ಮಿನುಗುವುದಕ್ಕಲ್ಲ. ನೂರು ವರ್ಷ ದಾಟಿದ ವಸ್ತುವಾದರೆ ಪುರಾತನ ವಸ್ತುಗಳ ಕಾನೂನೂ ನಡುವೆ ಬರುತ್ತದೆ. ಶ್ರೀರಂಗಪಟ್ಟಣದ ಕಡೆಯ ಹಳೇ ಮನೆಯಲ್ಲಿ ಬತ್ತಿ ಕೋವಿಯೋ ಚಕಮಕಿ ಕೋವಿಯೋ ಸಿಕ್ಕಿದರೆ ಬಟ್ಟೆಯಲ್ಲಿ ಒರೆಸುವುದಕ್ಕಿಂತ ಮುಂದೆ ಹೋಗಬೇಡಿ.

ಸ್ಟೇನ್‌ಲೆಸ್ ಸ್ಟೀಲ್, ಅಲ್ಯುಮಿನಿಯಂ, ಕ್ರೋಮ್ ಅಥವಾ ನಿಕಲ್ ಲೇಪ ಇರುವ ಭಾಗಕ್ಕೆ ಇದು ಹಿಡಿಯುವುದಿಲ್ಲ. ಸುಮ್ನೆ ದ್ರಾವಣ ದಂಡ.

ದ್ರಾವಣ ಎಲ್ಲಿ ಸಿಗುತ್ತದೆ? ಮೈಲುತುತ್ತ ಬಳಸಿದರೆ ಆಗಲ್ವಾ?

ಹೆಸರಾದದ್ದು ಅಮೆರಿಕದ ಬರ್ಚ್‌ವುಡ್ ಕೇಸಿಯವರ ಪರ್ಮಾ ಬ್ಲೂ. ಬ್ರೌನೆಲ್ಸ್‌ನವರ ಆಕ್ಸ್‌ಫೋ ಬ್ಲೂ ಕೂಡ ಇದೆ. ಕೋವಿ ಅಂಗಡಿಗಳಲ್ಲಿ ಕೇಳಿ. ಆನ್‌ಲೈನಲ್ಲೂ ಹುಡುಕಬಹುದು. ವಿದೇಶದಿಂದ ಬರುವ ನೆಂಟರಿಗೆ ಸೂಟ್‌ಕೇಸಲ್ಲಿ ತರಲು ಹೇಳಬೇಡಿ. ಆಮ್ಲ ಇರುವುದರಿಂದ ವಿಮಾನದಲ್ಲಿ ಬಿಡುವುದಿಲ್ಲ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಇದರ ಪ್ರಶ್ನೆ ತೋಟದವರಿಂದ ತಪ್ಪದೆ ಬರುತ್ತದೆ, ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲೇ ಇರುತ್ತದಲ್ಲ. ಅದನ್ನು ನೀರಲ್ಲಿ ಕರಗಿಸಿ ಕಬ್ಬಿಣಕ್ಕೆ ಹಚ್ಚಿದರೆ ಕಪ್ಪಾಗುವುದಿಲ್ಲ, ಕೆಂಪಗೆ ತಾಮ್ರ ಕೂರುತ್ತದೆ. ಕಪ್ಪು ಬರಲು ಸೆಲೆನಿಯಂ ಬೇಕೇ ಬೇಕು. ಮನೆಯಲ್ಲಿ ಬೆರೆಸಿ ತಯಾರಿಸುವ ಸಾಹಸ ಬೇಡ.

ತುಕ್ಕು ಇದೆ. ಹೇಗೆ ತೆಗೆಯುವುದು?

ಎಲ್ಲಕ್ಕಿಂತ ಮೊದಲು ಕೋವಿ ಖಾಲಿ ಇದೆಯೇ ನೋಡಿ. ನಳಿಗೆ ಬಾಗಿಸಿ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಆಮೇಲೆ ಸ್ವಚ್ಛ ಮಾಡುವಾಗ ಬಿಚ್ಚುವಷ್ಟೇ ಬಿಚ್ಚಿ, ಅಂದರೆ ನಳಿಗೆ ಬೇರೆ, ಮುಂದಿನ ಮರ ಬೇರೆ. ಒಳಗಿನ ಯಂತ್ರಕ್ಕೆ ಕೈ ಹಾಕುವ ಅಗತ್ಯ ಇಲ್ಲ.

ಮೇಲ್ಮೈಯ ಕೆಂಪು ತುಕ್ಕಿಗೆ ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಅರ್ಧ ದಿನ ಬಿಡಿ. ನಾಲ್ಕು ಸೊನ್ನೆಯ (0000 ಎಂದು ಬರೆದಿರುವ, ತೀರಾ ನಯವಾದ) ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿ. ಪಾತ್ರೆ ತಿಕ್ಕುವ ತಂತಿ ನಾರು ಬೇಡವೇ ಬೇಡ, ಅದು ಗೀರುತ್ತದೆ. ಸರಿಯಾಗಿ ಮಾಡಿದರೆ ತುಕ್ಕು ಕಂದು ಕೆಸರಾಗಿ ಎಣ್ಣೆಯಲ್ಲಿ ಬರುತ್ತದೆ, ಕೆಳಗಿನ ಹಳೆಯ ಕಪ್ಪು ಹಾಗೇ ಉಳಿದಿರುತ್ತದೆ. ಎಷ್ಟೋ ಕೋವಿಗಳಿಗೆ ಇಷ್ಟೇ ಸಾಕು. ಬ್ಲೂಯಿಂಗ್ ಬೇಕಾಗಿರಲೇ ಇಲ್ಲ ಅಂತ ಗೊತ್ತಾಗುವುದೂ ಈ ಹಂತದಲ್ಲೇ.

ಗೀರು ತೆಗೆಯಬೇಕಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 400 ಮತ್ತು 600 ನಂಬರಿನ ವಾಟರ್ ಪೇಪರ್ ಕೇಳಿ. ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಕೋಲ್ಡ್ ಬ್ಲೂ ಯಾವ ಗೀರನ್ನೂ ಮುಚ್ಚುವುದಿಲ್ಲ, ಇನ್ನೂ ಎದ್ದು ಕಾಣಿಸುತ್ತದೆ. ಗ್ರೈಂಡರ್, ಬಫಿಂಗ್ ಚಕ್ರ ಹಚ್ಚಿದರೆ ಅಕ್ಷರಗಳ ಅಂಚು ಕರಗಿ ಮೂಲೆಗಳು ಉರುಟಾಗುತ್ತವೆ. ತುಕ್ಕು ಗುಂಡಿ ಗುಂಡಿಯಾಗಿ ಒಳಗೆ ಇಳಿದಿದ್ದರೆ, ಅದರಲ್ಲೂ ತೋಟೆ ಕೂರುವ ಕಡೆ, ಬಣ್ಣದ ಮಾತು ಬಿಟ್ಟು ಪರಿಣತರಿಗೆ ತೋರಿಸಿ. ಅಲ್ಲಿಯವರೆಗೆ ಹೊಡೆಯಬೇಡಿ.

ವಿನಿಗರ್‌ನಲ್ಲಿ ಅದ್ದಿದರೆ ತುಕ್ಕು ಹೋಗುತ್ತದೆ, ನಿಜ. ಜೊತೆಗೆ ಉಳಿದಿದ್ದ ಹಳೆಯ ಬಣ್ಣವೂ ಪೂರ್ತಿ ಹೋಗುತ್ತದೆ. ಜೋಡು ನಳಿಗೆಯಲ್ಲಿ ಅದು ನಡುವಿನ ಪಟ್ಟಿಯ ಕೆಳಗೆ ನುಗ್ಗಿದರೆ ಹೊರಗೆ ಬರುವುದಿಲ್ಲ. ಒಳಗೊಳಗೇ ತುಕ್ಕು ಹಿಡಿಸುತ್ತದೆ.

ಎಣ್ಣೆ ಜಿಡ್ಡು ತೆಗೆಯಲು ಪೆಟ್ರೋಲ್ ಸಾಕಲ್ವಾ?

ಸಾಲದು. ಪೆಟ್ರೋಲ್, ಸೀಮೆಎಣ್ಣೆ ಎರಡೂ ಒಣಗಿದ ಮೇಲೆ ತಾವೇ ಒಂದು ತೆಳು ಪೊರೆ ಬಿಡುತ್ತವೆ. ಬೆಂಕಿಯ ಭಯ ಬೇರೆ. ಪೇಂಟ್ ಅಂಗಡಿಯ ಶುದ್ಧ ಅಸಿಟೋನ್ ಅಥವಾ ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಉಗುರು ಬಣ್ಣ ತೆಗೆಯುವ ದ್ರಾವಣದಲ್ಲಿ ಎಣ್ಣೆ, ಸುಗಂಧ ಸೇರಿರುತ್ತದೆ, ಅದು ಬೇಡ.

ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಬಿಳಿ ಹತ್ತಿಗೆ ಅಸಿಟೋನ್ ಹಾಕಿ ಒರೆಸಿ. ಹತ್ತಿ ಕಪ್ಪಾಗುತ್ತದೆ. ಹೊಸ ಹತ್ತಿ, ಮತ್ತೆ ಒರೆಸಿ. ಹತ್ತಿ ಬಿಳಿಯಾಗಿಯೇ ಬರುವವರೆಗೆ ಬಿಡಬೇಡಿ. ಆಮೇಲೆ ನೀರಿನ ಪರೀಕ್ಷೆ ಮಾಡಿ. ಆ ಜಾಗಕ್ಕೆ ನಾಲ್ಕು ಹನಿ ನೀರು ಬಿಡಿ. ನೀರು ಮಣಿ ಮಣಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ಹಾಳೆಯಂತೆ ಹರಡಿಕೊಂಡರೆ ಕಬ್ಬಿಣ ತಯಾರು. ಸ್ಟೀಲ್ ವೂಲ್‌ನಲ್ಲೂ ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯವರು ಎಣ್ಣೆ ಸವರಿರುತ್ತಾರೆ. ಅದನ್ನೂ ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ ಬಳಸಿ. ಇನ್ನು ಮುಂದೆ ಬರಿಗೈ ತಾಗಿಸಬಾರದು. ಬೆರಳಿನ ಒಂದು ಗುರುತು ಸಾಕು, ಅಲ್ಲಿ ಬಣ್ಣ ಹಿಡಿಯುವುದಿಲ್ಲ.

ಅಸಿಟೋನ್ ಮರದ ಪಾಲಿಶನ್ನು ಕರಗಿಸುತ್ತದೆ. ಮರ ಬಿಚ್ಚಲು ಆಗದಿದ್ದರೆ ಅಂಚಿಗೆ ಟೇಪ್ ಹಾಕಿ.

ಹಚ್ಚುವುದು ಹೇಗೆ?

ಮೊದಲು ಹಳೆಯ ಸ್ಪ್ಯಾನರ್ ಅಥವಾ ದಪ್ಪ ಬೋಲ್ಟ್ ಮೇಲೆ ಕೈ ಪಳಗಿಸಿಕೊಳ್ಳಿ. ಅದರ ಲೇಪವನ್ನು ಉಜ್ಜಿ ತೆಗೆದಿರಬೇಕು, ಅಷ್ಟೇ.

ಕೋವಿಯ ಭಾಗವನ್ನು ಹೇರ್ ಡ್ರೈಯರ್‌ನಿಂದ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಕಾಯಿಸಿ. ಬೆಚ್ಚಗಿನ ಕಬ್ಬಿಣಕ್ಕೆ ಬಣ್ಣ ಗಾಢವಾಗಿ, ಸಮನಾಗಿ ಹಿಡಿಯುತ್ತದೆ. ದ್ರಾವಣವನ್ನು ಸಣ್ಣ ಪ್ಲಾಸ್ಟಿಕ್ ಮುಚ್ಚಳಕ್ಕೆ ಸುರಿದುಕೊಂಡು ಅದರಲ್ಲಿ ಹತ್ತಿ ಅದ್ದಿ. ಬಾಟಲಿಗೇ ಹತ್ತಿ ಅದ್ದಿದರೆ ಉಳಿದ ದ್ರಾವಣವೂ ಕೆಡುತ್ತದೆ. ಸವೆದ ಜಾಗದ ಮೇಲೆ ಒಂದೇ ಎಳೆತದಲ್ಲಿ ಎಳೆಯಿರಿ, ಚುಕ್ಕೆ ಚುಕ್ಕೆ ಒತ್ತಬೇಡಿ. ಕಣ್ಣೆದುರೇ ಬೂದು ಬಣ್ಣ ನೀಲಿಗೆ, ನೀಲಿ ಕಪ್ಪಿಗೆ ತಿರುಗುತ್ತದೆ. ಒಂದು ನಿಮಿಷದ ಆಸುಪಾಸು ಬಿಡಿ. ಬಾಟಲಿಯ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ನಂತರ ನೀರಲ್ಲಿ ತೊಳೆದು ಒಣಗಿಸಿ, ಸ್ಟೀಲ್ ವೂಲ್‌ನಿಂದ ಹಗುರಾಗಿ ಸವರಿ.

ಮೊದಲ ಸಲ ನೋಡಿದಾಗ ತೇಪೆ ತೇಪೆಯಾಗಿ ಕಾಣುತ್ತದೆ. ಗಾಬರಿ ಬೇಡ. ಮೂರರಿಂದ ಐದು ಸಲ ಹೀಗೇ ಮಾಡಿದರೆ ಒಂದು ಹದಕ್ಕೆ ಬರುತ್ತದೆ. ಹಳೆಯ ಬಣ್ಣ ಮುಗಿಯುವ ಅಂಚನ್ನು ದಾಟಿ ಸ್ವಲ್ಪ ಒಳಗೂ ಎಳೆಯಿರಿ, ಆಗ ಗಡಿ ಕಾಣುವುದಿಲ್ಲ. ನಳಿಗೆಯ ಒಳಗೆ ದ್ರಾವಣ ಹೋಗಬಾರದು. ಎರಡೂ ತುದಿಗೆ ರಬ್ಬರ್ ಬಿರಡೆ ಹಾಕಿ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಮಂಡ್ಯ ಸುತ್ತಿನ ಬೋರ್‌ವೆಲ್ ನೀರು ಹಲವು ಕಡೆ ಗಡುಸು. ಒಣಗಿದರೆ ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದಲ್ಲ, ಅದೇ ಕೋವಿಯ ಮೇಲೂ ಕೂರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ, ಅದು ಲವಣ ತೆಗೆದ ನೀರು. ಅಂಗಡಿಯವರು ಬ್ಯಾಟರಿ ಆಸಿಡ್ ಕೊಟ್ಟಿಲ್ಲ ತಾನೇ ಅಂತ ಲೇಬಲ್ ಓದಿಕೊಳ್ಳಿ.

ತಾಮ್ರದ ಬಣ್ಣ ಬಂತು, ಯಾಕೆ?

ಹೆಚ್ಚು ಹೊತ್ತು ಬಿಟ್ಟಿರಬೇಕು, ಇಲ್ಲವೇ ಜಿಡ್ಡು ಉಳಿದಿರಬೇಕು. ಸ್ಟೀಲ್ ವೂಲ್‌ನಿಂದ ಉಜ್ಜಿ ತೆಗೆದು, ಮತ್ತೆ ಅಸಿಟೋನ್ ಹಾಕಿ, ಈ ಸಲ ಕಡಿಮೆ ಹೊತ್ತು ಬಿಡಿ. ಎರಡು ನಳಿಗೆ ಸೇರುವ ಸಂದಿಯಲ್ಲಿ ಬೆಳ್ಳಗೆ ಗೆರೆ ಉಳಿದರೆ ಅದು ಬೆಸುಗೆ. ಅದಕ್ಕೆ ಬಣ್ಣ ಹಿಡಿಯುವುದಿಲ್ಲ, ಬಿಟ್ಟುಬಿಡಿ.

ಮಾಡಿದ ಎರಡೇ ದಿನಕ್ಕೆ ಮತ್ತೆ ತುಕ್ಕು ಬಂತಲ್ಲ?

ಆಮ್ಲ ಉಳಿದುಕೊಂಡಿದೆ. ಕೊನೆಯ ಸುತ್ತಿನ ನಂತರ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಮತ್ತೆ ಬರಿ ನೀರಲ್ಲಿ ತೊಳೆಯಬೇಕು. ಹೇರ್ ಡ್ರೈಯರ್‌ನಿಂದ ಸಂದುಗಳನ್ನೂ ಒಣಗಿಸಿ. ನಂತರ ಧಾರಾಳವಾಗಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒರೆಸಿ ಮತ್ತೆ ತೆಳುವಾಗಿ ಹಚ್ಚಿ. ಮೊದಲ ಕೆಲವು ವಾರ ಆಗಾಗ ತೆಗೆದು ನೋಡುತ್ತಿರಿ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ನಡೆಯುತ್ತಾ?

ನಡೆಯುವುದಿಲ್ಲ. ಅಡುಗೆ ಎಣ್ಣೆ ಯಾವುದೇ ಇರಲಿ, ದಿನ ಕಳೆದಂತೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಕೋವಿ ಎಣ್ಣೆ ಅಥವಾ ಹೊಲಿಗೆ ಮೆಷಿನ್ ಎಣ್ಣೆ ಬಳಸಿ. ಡಬ್ಲ್ಯುಡಿ 40 ನೀರನ್ನು ಹೊರದಬ್ಬಲು ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಕಾಪಾಡುವ ಎಣ್ಣೆ ಅದಲ್ಲ.

ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ತುಕ್ಕು ಹಿಡಿದು ವಾಪಸ್ ಬರುತ್ತದೆ. ಏನು ಮಾಡುವುದು?

ಈ ದೂರು ಹಳೆಯದು. ಪೊಲೀಸರನ್ನು ಬೈದು ಉಪಯೋಗ ಇಲ್ಲ, ಅವರು ಒಂದೇ ಕೋಣೆಯಲ್ಲಿ ಹತ್ತಾರು ಕೋವಿ ಸಾಲಾಗಿ ನಿಲ್ಲಿಸಿರುತ್ತಾರೆ. ಒಯ್ಯುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ಎಣ್ಣೆ ಹಚ್ಚಿ. ಹೊರಭಾಗಕ್ಕೆ ತೆಳುವಾಗಿ ಗ್ರೀಸ್ ಸವರಿದರೂ ಸರಿ. ರೆಕ್ಸಿನ್ ಕವರ್, ಚರ್ಮದ ಚೀಲ ಬೇಡ, ತೇವ ಒಳಗೇ ಉಳಿಯುತ್ತದೆ. ಒಯ್ಯುವಾಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ರಸೀದಿಯಲ್ಲಿ ನಂಬರ್ ಸರಿಯಾಗಿದೆಯೇ ನೋಡಿ. ವಾಪಸ್ ತಂದ ದಿನವೇ ಒರೆಸಿ ಎಣ್ಣೆ ಹಚ್ಚಿ. ಹೊಡೆಯುವ ಮೊದಲು ಒಳಗಿನ ಗ್ರೀಸ್, ಎಣ್ಣೆ ಪೂರ್ತಿ ಒರೆಸಿರಬೇಕು.

ಆಯುಧ ಪೂಜೆಯಲ್ಲಿ ಕುಂಕುಮ ಇಟ್ಟ ಜಾಗದಲ್ಲೇ ಬಣ್ಣ ಹೋಗುತ್ತದೆ. ನಿಜವಾ?

ನಿಜ. ದಸರೆಯ ಮಹಾನವಮಿ ದಿನ ಕೋವಿಯನ್ನು ಮಣೆಯ ಮೇಲಿಟ್ಟು, ನೀರಲ್ಲಿ ಕಲಸಿದ ಗಂಧ, ಅದರ ಮೇಲೆ ಕುಂಕುಮ, ನಳಿಗೆಗೆ ಒಂದು ಮೊಳ ಸೇವಂತಿಗೆ. ಮಾರನೇ ದಿನ ಜಂಬೂಸವಾರಿ ನೋಡಲು ಎಲ್ಲರೂ ಹೊರಡುತ್ತಾರೆ, ಹೂವು ಹಾಗೇ ಇರುತ್ತದೆ. ಮೂರು ದಿನ ಬಿಟ್ಟು ಬಾಡಿದ ಹೂವು ತೆಗೆದರೆ ಕೆಳಗೆ ದಾರ ಕಟ್ಟಿದ್ದ ಜಾಗದಲ್ಲಿ ಕೆಂಚಗೆ ಒಂದು ಉಂಗುರ, ಕುಂಕುಮದ ಕೆಳಗೆ ಮಸುಕಾದ ಬೊಟ್ಟು. ತೇವವೂ ಹೂವಿನ ರಸವೂ ಅಲ್ಲೇ ಕೂತು ಮಾಡಿದ ಕೆಲಸ ಅದು.

ಪೂಜೆ ಬಿಡಬೇಕಿಲ್ಲ. ಕುಂಕುಮವನ್ನು ಮರದ ಹಿಡಿಗೆ ಇಡಿ. ಹೂವನ್ನು ಮಣೆಯ ಮೇಲಿಡಿ ಅಥವಾ ಬೆಲ್ಟಿಗೆ ಕಟ್ಟಿ. ನಳಿಗೆಗೇ ಇಡಬೇಕು ಎಂದು ಮನೆಯ ಹಿರಿಯರು ಹಠ ಹಿಡಿದರೆ ಮೊದಲೇ ಎಣ್ಣೆ ಸವರಿ, ಸಂಜೆಯೇ ಒರೆಸಿಬಿಡಿ. ಮಂಗಳಾರತಿ ಆದ ಮೇಲೆ ಒರೆಸಿದರೆ ದೇವಿ ಬೇಸರ ಮಾಡಿಕೊಳ್ಳುವುದಿಲ್ಲ.

ಏರ್‌ಗನ್‌ಗೂ ಇದನ್ನೇ ಮಾಡಬಹುದೇ?

ಉಕ್ಕಿನ ನಳಿಗೆ ಇದ್ದರೆ ಆಗುತ್ತದೆ. ಅಸಿಟೋನ್ ಒಳಗಿನ ರಬ್ಬರ್ ಸೀಲ್‌ಗೆ ತಾಗದಂತೆ ನೋಡಿಕೊಳ್ಳಿ. ಕಪ್ಪು ಪೇಂಟ್ ಇರುವ ಮಾದರಿಗೆ ಇದು ಹೊಂದುವುದಿಲ್ಲ.

ಆರೋಗ್ಯಕ್ಕೆ ಅಪಾಯವೇ?

ಹೌದು, ಹಗುರವಾಗಿ ತಗೋಬೇಡಿ. ಸೆಲೆನಿಯಂ ಸಂಯುಕ್ತಗಳು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ನೈಟ್ರೈಲ್ ಕೈಗವಸು, ಕನ್ನಡಕ ಹಾಕಿ. ಜಗುಲಿ ಅಥವಾ ಗಾಳಿ ಆಡುವ ಶೆಡ್ಡಿನಲ್ಲಿ ಮಾಡಿ, ಅಡುಗೆಮನೆಯ ಕಟ್ಟೆಯ ಮೇಲೆ ಬೇಡ. ಅಲ್ಲಿನ ಲೋಟ, ಬಟ್ಟಲನ್ನೂ ಬಳಸಬೇಡಿ. ಅಸಿಟೋನ್ ತೆರೆದಿರುವಾಗ ಬೀಡಿ, ಸಿಗರೇಟು, ದೀಪ ದೂರ ಇರಲಿ, ಅದರ ಆವಿ ಪೂರ್ತಿ ಹೋಗುವ ತನಕ ಹೇರ್ ಡ್ರೈಯರ್ ಹಾಕಬೇಡಿ. ಕೆಲಸದ ನಡುವೆ ಎಲೆ ಅಡಿಕೆಯೂ ಬೇಡ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರಲ್ಲಿ ತೊಳೆದು ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ. ಮಕ್ಕಳು ಹೊಟ್ಟೆಗೆ ತೆಗೆದುಕೊಂಡರೆ ಕ್ಷಣವೂ ಕಾಯಬೇಡಿ. ದ್ರಾವಣ ತಿಳಿ ನೀಲಿ, ಶರಬತ್ತು ಅಂದುಕೊಳ್ಳುವುದು ಸುಲಭ. ಬೇರೆ ಬಾಟಲಿಗೆ ತುಂಬಿ ಇಡಲೇಬೇಡಿ.

ಉಳಿದ ದ್ರಾವಣ, ಬಳಸಿದ ಹತ್ತಿ ಏನು ಮಾಡಲಿ?

ಮೋರಿಗೆ, ನಾಲೆಗೆ, ಗದ್ದೆಯ ಬದುವಿಗೆ ಚೆಲ್ಲಬೇಡಿ. ಸೆಲೆನಿಯಂ ಮೀನಿಗೂ ದನಕ್ಕೂ ವಿಷ, ತಾಮ್ರವೂ ಮೀನಿಗೆ ಆಗದು. ಬಾಟಲಿಯಲ್ಲಿ ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಬೀಗದ ಒಳಗಿಡಿ, ಮುಂದಿನ ಸಲಕ್ಕೆ ಬರುತ್ತದೆ. ಮುಚ್ಚಳಕ್ಕೆ ಸುರಿದು ಉಳಿದದ್ದನ್ನು ಬಾಟಲಿಗೆ ವಾಪಸ್ ಹಾಕದೆ ಹತ್ತಿಗೆ ಹೀರಿಸಿ. ಮೊದಲ ಸಲ ತೊಳೆದ ನೀರನ್ನು ಹಳೆಯ ಬಕೆಟ್ಟಿನಲ್ಲಿ ಹಿಡಿದು, ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದದ್ದನ್ನೂ ಅದೇ ಹತ್ತಿಗೆ ಒರೆಸಿಕೊಳ್ಳಿ. ಬಕೆಟ್ಟಿಗೆ ದನ, ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಅಸಿಟೋನ್ ಹಾಕಿದ ಹತ್ತಿಯನ್ನು ಬಯಲಲ್ಲಿ ಒಣಗಿಸಿ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ವಿಷ ಎಂದು ಬರೆದು, ಕಸದ ಗಾಡಿಯವರಿಗೆ ಅಪಾಯಕಾರಿ ಕಸ ಎಂದು ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೊಡಿ.